ಕಾಕಾನ ಕಂಪ್ಯೂಟರಿನಲ್ಲಿ ಬೆಂದ ಹೋಳಿಗೆ

ನಮ್ಮ ಕಾಕಾ ಜೀವಮಾನದಲ್ಲಿ ಯಾರಿಗೂ ಒಂದು ಕೆಲಸವನ್ನೂ ಮಾಡಿಕೊಟ್ಟವರಲ್ಲ! ಆದರೆ ಕೆಲಸ ಬೇಗ ಆಗಬೇಕಾದರೆ ಯಾರು ಎಲ್ಲಿ ನಿಲ್ಲಬೇಕು, ಯಾರ ಕೈಯಿಂದ ಯಾರ ಕೈಗೆ ಸಾಮಾನು ಹೋಗಬೇಕು ಎಂಬುದು ಅವರಿಗೆ ಗೊತ್ತಿದ್ದಷ್ಟು ವಾಡಿ ಊರಿನಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಸಂತೆಗೆ ಹೋದರೂ ಕೈ ಬೀಸಿಕೊಂಡು ಹೋಗುವರು, ಮದುವೆಗೆ ಹೋದರೂ ಕೈ ಬೀಸಿಕೊಂಡು ಹೋಗುವರು. ಚೀಲ ಕಂಡರೆ ಹಾವು ಕಂಡವರ ಹಾಗೆ ಹಿಂದೆ ಸರಿಯುವರು.

“ನಿನ್ನ ಕೈಯಾಗ ಒಂದು ಚೀಲ ನೋಡಿ ನಾ ಸಾಯ್ತೀನೇನೋ?” ಎಂದು ನಮ್ಮ ಆಯಿ, ಅಂದರೆ ಅವರ ಹೆತ್ತ ತಾಯಿ, ದಿನಕ್ಕೊಮ್ಮೆಯಾದರೂ ಕೇಳುತ್ತಿದ್ದಳು.

“ಚೀಲ ಹೊರೂದು ದೊಡ್ಡ ಮಾತಲ್ಲ ಯವ್ವಾ. ಚೀಲ ಯಾವ ಹಾದಿಲೆ ಹೋಗ್ತದ ಅನ್ನೂದು ದೊಡ್ಡ ಮಾತು,” ಎನ್ನುವರು ಕಾಕಾ. ಹಾದಿ ಹೇಳುವವರು ಇವರು, ಹೊರುವವರು ನಾವು!

ಕಾಕಾ ನಮ್ಮ ಅಪ್ಪನ ತಮ್ಮ. ಮದುವೆಯಾಗಲಿಲ್ಲ, ನಮ್ಮ ಶಹಾಬಾದ ಕಲ್ಲಿನ ಮನೆಯಲ್ಲೇ, ಎಲ್ಲರ ಕಾಲಿಗೆ ತೊಡರಿಕೊಂಡು ಇದ್ದರು. ಕೆಲಸ ರೈಲ್ವೆಯಲ್ಲಿ. ಯಾರ್ಡಿನಲ್ಲಿ ಸಿಮೆಂಟು ತುಂಬಿಕೊಂಡು ನಿಂತ ವ್ಯಾಗನ್ನುಗಳ ನಂಬರು ಬರೆದುಕೊಳ್ಳುವುದು. ದಿನವೆಲ್ಲ ಹಳಿಗಳ ನಡುವೆ ನಡೆದೂ ನಡೆದೂ ಅವರ ತಲೆಗೆ ಒಂದು ಹುಳ ಹೊಕ್ಕಿತ್ತು. ಸಿಕಂದರಾಬಾದ ಕಡೆಯ ಗಾಡಿ, ರಾಯಚೂರು ಕಡೆಯ ಗಾಡಿ, ಸೋಲಾಪುರ ಕಡೆಯ ಗಾಡಿ, ಎಲ್ಲಕ್ಕೂ ಗಟ್ಟಿಮುಟ್ಟಾದ ಎಂಜಿನ್ನುಗಳೇ. ಆದರೂ ಒಂದು ದಾಟುವವರೆಗೆ ಇನ್ನೊಂದು ಕಾಯಬೇಕಲ್ಲ! “ಎಂಜಿನ್ ಎಷ್ಟು ಜೋರದ ಅಂತ ಕೇಳಬ್ಯಾಡ್ರಿ, ಹಳಿ ಹೆಂಗ ಕೂಡ್ಯಾವ ಅಂತ ಕೇಳ್ರಿ,” ಎಂದು ಊಟಕ್ಕೆ ಕುಳಿತಾಗ ಹೇಳುವರು. ನಮಗೆ ಬೇಕಾದದ್ದು ಪುಂಡಿಪಲ್ಯ, ಅವರು ಬಡಿಸುತ್ತಿದ್ದದ್ದು ಹಳಿ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ವ್ಯಾಗನ್ನಿನ ನಂಬರುಗಳನ್ನು ಕಂಪ್ಯೂಟರಿಗೆ ಒಪ್ಪಿಸುವುದು ಹೇಗೆ ಎಂದು ಕಲಿಯಲು ಕಾಕಾನನ್ನು ಎರಡು ವಾರ ಸಿಕಂದರಾಬಾದಿಗೆ ಕಳಿಸಿದರು. ನಮ್ಮ ಅವ್ವ ಬಳೆ ತರಲು ಹೇಳಿದ್ದಳು, ದೊಡ್ಡವ್ವ, ಅಂದರೆ ಅಪ್ಪನ ಅಣ್ಣನ ಹೆಂಡತಿ, ಅತ್ತರು ತರಲು ಹೇಳಿದ್ದಳು. ಕಾಕಾ ಎಂದಿನಂತೆ ಕೈ ಬೀಸಿಕೊಂಡು ಬಂದರು. ಆದರೆ ತಲೆ ತುಂಬಿಕೊಂಡು ಬಂದಿದ್ದರು! ಅಲ್ಲಿ ಯಾರೋ ಇಂಜಿನಿಯರ್ ಸಾಹೇಬರು ದಿನಾಲು ಚಹಾ ಕುಡಿಯುತ್ತ ಇವರಿಗೆ ಒಂದೇ ಮಾತು ಹೇಳುತ್ತಿದ್ದರಂತೆ. ಪರದೇಶದಲ್ಲಿ ಈಗ ಒಂದೇ ದೊಡ್ಡ ಕಂಪ್ಯೂಟರ್ ಕಟ್ಟುವ ಬದಲು, ಸಣ್ಣಸಣ್ಣವು ಹಲವನ್ನು ಕೂಡಿಸಿ, ಒಂದೇ ಕೆಲಸವನ್ನು ಎಲ್ಲಕ್ಕೂ ಹಂಚಿಕೊಡುತ್ತಾರೆ. ಕಂಪ್ಯೂಟರ್ ಮಾಡುವುದು ಸುಲಭ, ಅವುಗಳ ನಡುವಿನ ತಂತಿಯನ್ನು ಯಾವುದರಿಂದ ಯಾವುದಕ್ಕೆ ಎಳೆಯಬೇಕು ಎಂಬುದೇ ಕಷ್ಟ. ತಂತಿ ತಪ್ಪಿದರೆ ಎಲ್ಲವೂ ಒಂದನ್ನೊಂದು ಕಾಯುತ್ತ ಕೂರುತ್ತವೆ.

ಆ ಸಂಜೆ ಕಾಕಾ ಪಡಸಾಲೆಯ ನಡುವೆ ನಿಂತು ಎಲ್ಲರನ್ನೂ ಕೇಳಿದರು: “ನೂರು ಕಂಪ್ಯೂಟರ್ ಒಂದೇ ಖೋಲ್ಯಾಗ ಇಟ್ಟರ ಕೆಲಸ ನೂರು ಪಟ್ಟು ಜಲ್ದಿ ಆಗ್ತದೇನು, ಹೇಳ್ರಿ ನೋಡೋಣ?”

ಆಯಿ ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. “ಇಬ್ಬರು ಸೊಸ್ತ್ಯಾರು ಬಂದ ಮ್ಯಾಲ ಈ ಮನ್ಯಾಗ ಅಡಿಗಿ ಒಂದು ತಾಸು ತಡಾ ಆಗಾಕತ್ಯಾದ. ನೂರು ಮಂದಿ ಬಂದ್ರ ಎಲ್ಲಾರೂ ಉಪಾಸನೇ!”

ಕಾಕಾ ಕುಣಿದೇಬಿಟ್ಟರು. “ಸಾಹೇಬ ಎರಡು ವಾರ ಹೇಳಿದ್ದನ್ನ ನೀ ಒಂದೇ ಮಾತಿನ್ಯಾಗ ಹೇಳಿದಿ ಯವ್ವಾ!” ಅವ್ವ, ದೊಡ್ಡವ್ವ ಇಬ್ಬರೂ ಅಂದು ಆಯಿಯನ್ನು ಮಾತಾಡಿಸಲಿಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಪರದೇಶದ ಕಂಪ್ಯೂಟರ್ ವಾಡಿಗೆ ಬರುವಂತಿರಲಿಲ್ಲ. ಕಾಕಾನಿಗೆ ಸಿಕ್ಕದ್ದು ನಾವೇ! ಮೊದಲು ಕಣ್ಣು ಬಿದ್ದದ್ದು ಉಪ್ಪಿನ ಮೇಲೆ. ನಮ್ಮ ಮನೆಯಲ್ಲಿ ಉಪ್ಪು, ಎಣ್ಣೆ, ಬೆಲ್ಲ ಎಲ್ಲವೂ ಆಯಿಯ ಬೀಗದೊಳಗೆ. ಬೀಗದ ಕೈ ಅವಳ ಸೊಂಟದಲ್ಲಿ. ದೊಡ್ಡವ್ವನ ಒಲೆಯಿಂದ ಅವ್ವನ ಒಲೆಗೆ ಎರಡೇ ಮಾರು. ಆದರೂ ಒಂದು ಚಿಟಿಕೆ ಉಪ್ಪು ಹೋಗಬೇಕಾದರೆ ಆಯಿಯ ಹತ್ತಿರ ಹೋಗಿ, ಆಯಿಯ ಪೂಜೆ ಮುಗಿದು, ಬೀಗ ತೆರೆದು ಬರಬೇಕು. ಕಾಕಾ ತಮ್ಮ ರಿಸ್ಟ್ ವಾಚು ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತು ಅಳೆದರು. “ಹನ್ನೊಂದು ನಿಮಿಷ! ಎಲ್ಲಾ ತಂತಿ ಒಬ್ಬಾಕಿ ಕೊಳ್ಳಾಗ ಕಟ್ಟಿದ್ರ ಮತ್ತೇನಾಗ್ತದ?” ಅಂದವರೇ, ಎರಡೂ ಒಲೆಗಳ ನಡುವೆ ಒಂದು ಉಪ್ಪಿನ ಡಬ್ಬಿ ತಂದಿಟ್ಟರು.

ಮರುದಿನದ ಸಾರು ಬಾಯಿಗೆ ಇಡುವ ಹಾಗಿರಲಿಲ್ಲ. ದೊಡ್ಡವ್ವ ಹಾಕಿಲ್ಲವೆಂದು ಅವ್ವ ಉಪ್ಪು ಹಾಕಿದ್ದಳು, ಅವ್ವ ಹಾಕಿಲ್ಲವೆಂದು ದೊಡ್ಡವ್ವ ಹಾಕಿದ್ದಳು! ಮೊದಲು ಆಯಿ ಒಬ್ಬಳ ಕೈಯಿಂದ ಬರುತ್ತಿದ್ದಾಗ ಯಾರು ಒಯ್ದರು ಎಂದಾದರೂ ತಿಳಿಯುತ್ತಿತ್ತು. “ಬೇಕಂತನೇ ಮಾಡ್ಯಾಳ,” ಎಂದು ಇವಳು, “ಆಕಿಗೇ ಕೇಳ್ರಿ,” ಎಂದು ಅವಳು. ಅಂದಿನಿಂದ ಇಬ್ಬರಿಗೂ ಮಾತು ಬಂದ್! ಮೂರು ವರ್ಷ ಒಂದೇ ಅಡಿಗೆಮನೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ರೊಟ್ಟಿ ಬಡಿದರು. ಈ ಜಗಳವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಕಾಕಾ ಎದೆಗುಂದುವ ಪೈಕಿ ಅಲ್ಲ. “ಎಲ್ಲಾರಿಂದ ಎಲ್ಲಾರಿಗೂ ಸೀದಾ ತಂತಿ ಇದ್ದುಬಿಟ್ಟರ ಜಗಳನೇ ಇಲ್ಲ,” ಎಂದು ಮನೆಯ ಆರು ಖೋಲಿಗಳ ನಡುವೆ ಸುತಳಿ ಎಳೆದು ಗಂಟೆ ಕಟ್ಟಿದರು. ಆರು ಖೋಲಿಗೆ ಹದಿನೈದು ಸುತಳಿ! ಅಪ್ಪ ಸಾಲಿ ಮಾಸ್ತರರು. ಸಾಲಿಗೆ ಹೊರಟರೆ ಟೋಪಿ ಒಂದು ಸುತಳಿಗೆ, ಕೊಡೆ ಇನ್ನೊಂದಕ್ಕೆ ಸಿಕ್ಕು, ಬರಿದಲೆಯಲ್ಲಿ ಅಂಗಳಕ್ಕೆ ಬೀಳುವರು. ಆಯಿಗೆ ಮಾತ್ರ ಖುಷಿ, ಸೀರೆ ಒಣಹಾಕಲು ಜಾಗ ಸಿಕ್ಕಿತ್ತಲ್ಲ. ಕೊನೆಗೆ ಕಾಕಾ ದನದ ಕೊಟ್ಟಿಗೆಯನ್ನೂ ಕೂಡಿಸಿದರು. ಒಂದು ಕೊಟ್ಟಿಗೆ ಸೇರಿದ್ದಕ್ಕೆ ಮತ್ತೆ ಆರು ಸುತಳಿ. ಎಮ್ಮೆ ನೊಣಕ್ಕೆ ತಲೆ ಕೊಡವಿದರೆ ಆರೂ ಖೋಲಿಯಲ್ಲಿ ಗಂಟೆ! ಎರಡು ದಿನ ನಾವು ಎಮ್ಮೆ ಕರೆದಲ್ಲೆಲ್ಲ ಓಡಿದೆವು. ಮೂರನೆಯ ದಿನ ಅಪ್ಪ ಕುಡುಗೋಲು ತೆಗೆದುಕೊಂಡರು.

“ಖರೇ ಅದ,” ಎಂದು ಕಾಕಾ ಕಡಿದ ಸುತಳಿ ಸುತ್ತುತ್ತ ಒಪ್ಪಿಕೊಂಡರು. “ಒಬ್ಬಾಕಿ ಕೊಳ್ಳಿಗಿ ಕಟ್ಟಿದ್ರ ಆಕಿ ಸೋಲ್ತಾಳ. ಎಲ್ಲಾರಿಗೆ ಎಲ್ಲಾರನ್ನ ಕಟ್ಟಿದ್ರ ಕಾಲಿಡಾಕ ಜಾಗ ಇರೂದಿಲ್ಲ. ಇವೆರಡರ ನಡುವಿಂದು ಬೇಕು.” ಆ ನಡುವಿನದು ಸಿಕ್ಕಿದ್ದು ಮೂರು ವರ್ಷದ ಮೇಲೆ, ನನ್ನ ಮದುವೆಯಲ್ಲಿ. ನನ್ನ ಹಣೆಬರಹ ನೋಡಿ!

ನನಗೆ ಅದಕ್ಕೂ ಮೊದಲು ಎರಡು ಸಂಬಂಧ ಬಂದು ಮುರಿದಿದ್ದವು. ಮೂರನೆಯವನು ಚಿಂಚೋಳಿಯ ಹುಡುಗ, ಅರಣ್ಯ ಇಲಾಖೆಯಲ್ಲಿ ಗುಮಾಸ್ತ. ನನ್ನನ್ನು ನೋಡಲು ಬಂದ ದಿನ ಚುರುಮುರಿ ಸುಸಲದ ತಾಟನ್ನು ತನ್ನ ಪ್ಯಾಂಟಿನ ಮೇಲೆ ಬೋರಲು ಹಾಕಿಕೊಂಡು, ಎಲ್ಲರಿಗಿಂತ ಮೊದಲು ತಾನೇ ನಕ್ಕುಬಿಟ್ಟಿದ್ದ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಹುಡುಗ ನನಗೆ ಬೇಕಾಗಿದ್ದ. ಆದರೆ ಅವನ ಹಿಂದೆ ಒಬ್ಬ ದೊಡ್ಡಪ್ಪ ಇದ್ದರು. ಮೀಸೆಯ ಮನುಷ್ಯ. ಅವರ ಮಾತನ್ನು ಆ ಮನೆಯಲ್ಲಿ ಯಾರೂ ಮೀರುತ್ತಿರಲಿಲ್ಲ. ನಿಶ್ಚಯದ ದಿನವೇ ಅಪ್ಪನಿಗೆ ಹೇಳಿದ್ದರು: “ನಮ್ಮ ಮಂದಿ ಹಸಿವಿ ತಡಿಯೂದಿಲ್ಲರಿ ಮಾಸ್ತರ. ಗಾಡಿ ಇಳದು ಕೈಕಾಲು ತೊಳಕೊಂಡ ಕೂಡ್ಲೇ ಎಲಿ ಮ್ಯಾಲ ಬಿಸಿ ಹೋಳಿಗಿ ಬೀಳಬೇಕು. ಇಲ್ಲಂದ್ರ ಬಂದ ಹಾದಿ ಹಿಡಿಯೋ ಮಂದಿ ನಾವು.” ಶಹಾಬಾದಿನಲ್ಲಿ ಒಂದು ಮದುವೆಯಿಂದ ಹಾಗೆ ಎದ್ದು ಹೋದದ್ದನ್ನು ಹೆಮ್ಮೆಯಿಂದ ವರ್ಣಿಸಿದರು. ಅಪ್ಪನ ಮುಖ ಬೆಳ್ಳಗಾಯಿತು.

ತಾಳಿ ಕಟ್ಟಿ ಅಕ್ಕಿಕಾಳು ಬೀಳುವುದು ಮರುದಿನ. ಹಿಂದಿನ ದಿನ ಮಧ್ಯಾಹ್ನ ಬೀಗರು ಬರುವುದು. ಚಿಂಚೋಳಿಯಿಂದ ಸೇಡಂವರೆಗೆ ಬಸ್ಸು, ಸೇಡಂನಿಂದ ಚಿತ್ತಾಪುರದ ಮೇಲೆ ಹಾದು ವಾಡಿಗೆ ಪ್ಯಾಸೆಂಜರ್ ಗಾಡಿ. ನೂರು ಮಂದಿ ಎಂದು ಹೇಳಿದ್ದರು. ಅಂಗಳದ ಹಂದರದ ಕೆಳಗೆ ಓಣಿಯ ಹೆಂಗಸರೆಲ್ಲ ಕೂಡಿ ನೂರು ಮಂದಿಯ ಹೋಳಿಗೆಗೆ ಕೈ ಹಚ್ಚಿದ್ದರು. ನಾನು ಮೈತುಂಬ ಅರಿಶಿನ ಬಳಿದುಕೊಂಡು ಮೂಲೆಯ ಮಣೆಯ ಮೇಲೆ ಕುಳಿತಿದ್ದೆ. ಮದುಮಗಳು ಏಳಬಾರದು, ಏನನ್ನೂ ಮುಟ್ಟಬಾರದು. ಅಷ್ಟರಲ್ಲಿ ಕಾಕಾ ಸ್ಟೇಷನ್ನಿನಿಂದ ಓಡೋಡಿ ಬಂದರು.

“ಅಣ್ಣಾ, ಸೇಡಂದಿಂದ ಫೋನ್ ಬಂದದ. ಬೀಗರು ನೂರಲ್ಲ, ಇನ್ನೂರು! ಗಾಡಿ ತಡಾ ಅದ ಅಂತ ನಮ್ಮ ಪುಣ್ಯ, ಮೂರು ತಾಸು ಕೈಯಾಗ ಅವ.”

ಅಪ್ಪ ಹಂದರದ ಕಂಬ ಹಿಡಿದುಕೊಂಡು ನಿಂತರು. ಆಯಿಯ ಪದ್ಧತಿಯಲ್ಲಿ ಪ್ರತಿಯೊಂದು ಹೋಳಿಗೆಯೂ ಆಯಿಯ ಮುಂದೆ ಹೋಗಿ ಪಾಸಾಗಬೇಕು. ಆ ಲೆಕ್ಕದಲ್ಲಿ ಇನ್ನೂರು ಮಂದಿಯ ಹೋಳಿಗೆ ನನ್ನ ಮೊಮ್ಮಕ್ಕಳ ಮದುವೆಗೆ ಮುಗಿಯುತ್ತಿತ್ತು! ಅಪ್ಪ ತಮ್ಮನ ಮುಖ ನೋಡಿದರು. ಎಮ್ಮೆಯ ಗಂಟೆ ನೆನಪಾಗಿರಬೇಕು, ಒಮ್ಮೆ ಕಣ್ಣು ಮುಚ್ಚಿಕೊಂಡರು. ಆಮೇಲೆ ಅಂದರು: “ಏನರೆ ಮಾಡೋ ತಮ್ಮಾ. ಎಲ್ಲಾ ನಿನ್ನ ಕೈಯಾಗ ಕೊಟ್ಟೀನಿ.”

ಕಾಕಾ ಅರ್ಧ ತಾಸು ವ್ಯರ್ಥ ಮಾಡಿದರು ಎಂದೇ ಎಲ್ಲರೂ ಬೈದರು. ಅಂಗಳದ ಫರಸಿಕಲ್ಲಿನ ಮೇಲೆ ಸೀಮೆಸುಣ್ಣದಿಂದ ಹದಿನಾರು ವರ್ತುಲ ಬರೆದು, ಗೆರೆ ಎಳೆದು, ಹದಿನಾರು ಹೆಂಗಸರನ್ನು ನಿಲ್ಲಿಸಿದರು. ಒಬ್ಬೊಬ್ಬಳಿಗೂ ನಾಲ್ವರೇ ಜೊತೆಗಾರ್ತಿಯರು. ಕೊಡುವುದು ಅವರಿಗೇ, ಇಸಿದುಕೊಳ್ಳುವುದು ಅವರಿಂದಲೇ. “ಇದರ ಚಮತ್ಕಾರ ಕೇಳ್ರಿ,” ಎಂದರು. “ಹದಿನಾರು ಮಂದ್ಯಾಗ ಯಾರಿಂದ ಯಾರಿಗೆ ಸಾಮಾನು ಹೋಗಬೇಕಾದ್ರೂ ನಾಲ್ಕು ಸಲ ಕೈ ಬದಲಾದ್ರ ಮುಗೀತು! ಯಾರ ಕೊಳ್ಳಿಗೂ ಹತ್ತೂದಿಲ್ಲ, ಯಾರ ಕಾಲಿಗೂ ತೊಡರೂದಿಲ್ಲ.”

ಆಯಿ ಒಂದೇ ಕರಾರು ಹಾಕಿದಳು. “ಏನರೆ ಮಾಡಕೋ. ಆದ್ರ ಅಯ್ಯನವರ ಪ್ರಸಾದ ಆಗೋತನಕ ಬೆಂದದ್ದು ಯಾವುದೂ ನೆಲ ಮುಟ್ಟಬಾರದು. ಹೊರಸಿನ ಮ್ಯಾಲಂತೂ ಇಡಲೇಬಾರದು.” ನಮ್ಮ ಮನೆಯಲ್ಲಿ ಮಠದ ಅಯ್ಯನವರು ಉಣ್ಣುವವರೆಗೆ ಮದುವೆಯ ಅಡಿಗೆ ನೆಲಕ್ಕಾಗಲಿ ಮಂಚಕ್ಕಾಗಲಿ ತಾಗಬಾರದು, ಕೈಯಿಂದ ಕೈಗೆ ಹೋಗಿ ಪಡಸಾಲೆಯ ತೊಲೆಗೆ ತೂಗುಹಾಕಿದ ನೆಲುವಿನ ಬುಟ್ಟಿ ಸೇರಬೇಕು. ಅಯ್ಯನವರು ನಾಲವಾರದಿಂದ ಇನ್ನೂ ಬರಬೇಕಾಗಿತ್ತು.

“ಹೂಂ, ಹೂಂ,” ಅಂದರು ಕಾಕಾ. ಲಕ್ಷ್ಯವೆಲ್ಲ ಗೆರೆಗಳ ಮೇಲೆ.

ಒಂದು ತೊಡಕು ಮೊದಲೇ ಬಂತು. ದೊಡ್ಡವ್ವ ಹೂರಣ ತುಂಬಿದ ಉಂಡೆಗಳನ್ನು ಲಟ್ಟಿಸಿ ಬೇಯಿಸಲು ಅವ್ವನಿಗೆ ಕೊಡಬೇಕು. ಆದರೆ ಮಾತಿಲ್ಲವಲ್ಲ! “ಆಕಿ ಕೈಗೆ ನಾ ಕೊಡಂಗಿಲ್ಲ.” “ಕೊಟ್ಟರೂ ನಾ ಇಸಗೊಳ್ಳಂಗಿಲ್ಲ.” ಕಾಕಾನಿಗೆ ಸಿಟ್ಟು ಬರಲಿಲ್ಲ, ಸಂತೋಷವಾಯಿತು! “ಫಿಕರ್ ಬ್ಯಾಡ. ಒಂದು ಗೆರಿ ಹರಿದ್ರ ಇನ್ನೊಂದು ಹಾದಿ ಇರ್ತದ, ಅದೇ ಇದರ ಸೊಗಸು,” ಎಂದು ದೊಡ್ಡವ್ವನ ಪರಾತವನ್ನು, ಆ ಅಗಲ ತಾಟನ್ನು, ನಮ್ಮ ಸೋದರತ್ತೆಯ ಕೈಯಿಂದ ಸುತ್ತಿಸಿ ಅವ್ವನಿಗೆ ಮುಟ್ಟಿಸಿದರು.

ಕೆಲಸ ಶುರುವಾಯಿತು ನೋಡಿ! ಸುಳ್ಳು ಹೇಳುವುದಿಲ್ಲ, ಅಂಥದ್ದನ್ನು ನಾನು ಮತ್ತೆ ನೋಡಿಲ್ಲ. ಕಣಕ ಈ ಕಡೆಯಿಂದ, ಹೂರಣ ಆ ಕಡೆಯಿಂದ. ಯಾರೂ ನಡೆಯುತ್ತಿಲ್ಲ, ಯಾರೂ ಕೂಗುತ್ತಿಲ್ಲ. ಬಳೆಗಳ ಸಪ್ಪಳ, ಪರಾತಗಳ ಸಪ್ಪಳ, ಅಷ್ಟೇ. ಒಂದು ತಾಸಿನೊಳಗೆ ನೆಲುವಿನ ಬುಟ್ಟಿ ಎರಡು ತುಂಬಿದವು. ಕಾಕಾ ಒಂದು ಕೈಯಲ್ಲಿ ವಾಚು, ಇನ್ನೊಂದರಲ್ಲಿ ಸೀಮೆಸುಣ್ಣ ಹಿಡಿದು, ನಡುವೆ ನಿಂತು, ಮದುಮಗ ತಾವೇ ಎಂಬಂತೆ ಮೀಸೆಯೊಳಗೇ ನಗುತ್ತಿದ್ದರು.

ಇದ್ದಕ್ಕಿದ್ದಂತೆ ಸಪ್ಪಳ ನಿಂತಿತು.

ಹದಿನಾರು ಹೆಂಗಸರು ಕಲ್ಲಿನ ಹಾಗೆ ನಿಂತಿದ್ದಾರೆ! ಎಲ್ಲರ ಎರಡೂ ಕೈಯಲ್ಲಿ ಪರಾತ, ಇಲ್ಲವೆ ಬುಟ್ಟಿ. ಯಾರೂ ಕೊಡುತ್ತಿಲ್ಲ, ಯಾರೂ ಇಸಿದುಕೊಳ್ಳುತ್ತಿಲ್ಲ. ಹಂಚಿನ ಮೇಲೆ ಒಂದು ಹೋಳಿಗೆ ಹೊಗೆಯಾಡತೊಡಗಿತು.

“ಯಾಕ್ರವ್ವಾ ನಿಂತ್ರಿ?” ಎಂದು ಕಾಕಾ ಕೂಗಿದರು.

“ಅತ್ತಿಬಾಯಿ ಕೈ ಖಾಲಿ ಆಗ್ಲಿ, ಕೊಡ್ತೀನಿ,” ಅಂದಳು ದೊಡ್ಡವ್ವ, ಸೋದರತ್ತೆಯ ಕಡೆ ತಿರುಗಿ.

“ವೈನಿ ಕೈ ಖಾಲಿ ಆಗ್ಲಿ, ಕೊಡ್ತೀನಿ,” ಅಂದಳು ಸೋದರತ್ತೆ, ಅವ್ವನನ್ನು ನೋಡುತ್ತ.

“ತುಪ್ಪ ಸವರಾಕಿ ಕೈ ಖಾಲಿ ಆಗ್ಲಿ,” ಅಂದಳು ಅವ್ವ.

ತುಪ್ಪ ಸವರುವ ಎದುರುಮನೆಯಾಕೆ ದೊಡ್ಡವ್ವನ ಕಡೆ ಗದ್ದ ತೋರಿಸಿದಳು. “ಪಡಸಾಲಿಗಿ ಹೋಗೋ ಬುಟ್ಟಿ ಇವರ ಕೈಲೇ ದಾಟಬೇಕು. ಇವರ ಕೈ ಖಾಲಿ ಆಗ್ಲಿಲ್ಲಂದ್ರ ನಾ ಯಾರಿಗಿ ಕೊಡ್ಲಿರಿ?”

ನಾಲ್ವರೂ ಒಬ್ಬರನ್ನೊಬ್ಬರು ಕಾಯುತ್ತಿದ್ದಾರೆ, ಸುತ್ತು ಪೂರ್ತಿಯಾಗಿದೆ! ಅವರ ಹಿಂದೆ ಉಳಿದ ಹನ್ನೆರಡು ಮಂದಿ. ಬೇರೆ ಯಾರ ಮನೆಯಲ್ಲಾದರೂ ಒಬ್ಬಳು ಪರಾತ ಕೆಳಗಿಟ್ಟು ಸೆರಗಿನಿಂದ ಬೆವರು ಒರೆಸಿಕೊಂಡಿದ್ದರೆ ಮುಗಿದಿತ್ತು. ಆದರೆ ನೆಲ ಮುಟ್ಟುವಂತಿಲ್ಲ! ಆಯಿ ಬಾಗಿಲಲ್ಲಿ ಕಣ್ಣು ಬಿಟ್ಟುಕೊಂಡು ಕುಳಿತಿದ್ದಾಳೆ. ಅಷ್ಟರಲ್ಲಿ ಅಪ್ಪ ಸ್ಟೇಷನ್ನಿನಿಂದ ಸುದ್ದಿ ತಂದರು: ಗಾಡಿ ಚಿತ್ತಾಪುರ ಬಿಟ್ಟಿದೆ.

ಕಾಕಾ ಗೆರೆಗಳನ್ನು ನೋಡಿದರು, ಹೆಂಗಸರನ್ನು ನೋಡಿದರು. “ಲೆಕ್ಕ ಬರಾಬರಿ ಅದ. ಲೆಕ್ಕ ಬರಾಬರಿ ಅದಲ್ಲ!” ಎಂದು ತಮ್ಮಷ್ಟಕ್ಕೆ ತಾವೇ ಅನ್ನತೊಡಗಿದರು. ನನಗೆ ಆ ಮೀಸೆಯ ದೊಡ್ಡಪ್ಪ ಖಾಲಿ ಎಲೆಯ ಮುಂದಿನಿಂದ ಎದ್ದು ನಿಂತದ್ದು ಕಣ್ಣಿಗೆ ಕಟ್ಟಿತು. ಅವರ ಹಿಂದೆ ತಲೆ ತಗ್ಗಿಸಿಕೊಂಡು ಹೊರಟ ಆ ಹುಡುಗ. ಮಣೆಯಿಂದ ಏಳುವಂತಿಲ್ಲ, ಆದರೆ ಬಾಯಿಗೆ ಯಾರೂ ಅರಿಶಿನ ಬಳಿದಿರಲಿಲ್ಲವಲ್ಲ!

“ಕಾಕಾ! ನಿಮ್ಮ ಕೈ ಖಾಲಿ ಅವಲ್ಲರಿ!”

“ಹಾಂ?” ಅಂದರು ಕಾಕಾ. ತಮ್ಮ ಎರಡು ಕೈಗಳನ್ನು ಆವತ್ತೇ ಹುಟ್ಟಿದವೇನೋ ಎಂಬಂತೆ ನೋಡಿಕೊಂಡರು. ಮುಂದಿನದು ಒಂದೇ ಗಳಿಗೆ. ಸೀಮೆಸುಣ್ಣ ಕಿವಿಯ ಸಂದಿಗೆ, ವಾಚಿನ ಪಟ್ಟಿ ಹಲ್ಲಿನ ನಡುವೆ! ದೊಡ್ಡವ್ವನ ಪರಾತವನ್ನು ಎರಡೂ ಕೈಯಿಂದ ಇಸಿದುಕೊಂಡರು. ದೊಡ್ಡವ್ವನ ಕೈ ಖಾಲಿಯಾಗಿ ಎದುರುಮನೆಯಾಕೆಯ ಬುಟ್ಟಿ ಇಸಿದುಕೊಂಡಳು. ಎದುರುಮನೆಯಾಕೆ ಅವ್ವನ ಪರಾತ, ಅವ್ವ ಸೋದರತ್ತೆಯ ಪರಾತ, ಸೋದರತ್ತೆ ಕಾಕಾನ ಪರಾತ. ಬಳೆಗಳು ಮತ್ತೆ ಸಪ್ಪಳ ಮಾಡಿದವು.

ಅಲ್ಲಿಂದ ಕೊನೆಯವರೆಗೂ ಕಾಕಾ ನಡುವಿನಿಂದ ಕದಲಲಿಲ್ಲ. ಎಲ್ಲಿ ಗಂಟು ಬಿತ್ತೋ ಅಲ್ಲಿಗೆ ತಿರುಗಿ ಕೈ ಚಾಚುವರು, ಒಂದು ಪರಾತ ಹಿಡಿದು ನಿಲ್ಲುವರು, ದಾರಿ ಬಿಟ್ಟ ಮೇಲೆ ಮುಟ್ಟಿಸುವರು. ಎರಡು ಸಲ ಅವಸರದಲ್ಲಿ ದೊಡ್ಡವ್ವ ಸೀದಾ ಅವ್ವನ ಕೈಗೇ ಪರಾತ ಕೊಟ್ಟುಬಿಟ್ಟಳು. “ಸುಡ್ತದ, ಸಾವಕಾಶ,” ಎಂದೂ ಅಂದಳು! ಮೂರು ವರ್ಷದ ಮೇಲಿನ ಮೊದಲ ಮಾತು. ಕಾಕಾ ಅದನ್ನು ನೋಡಿದರೂ ಬಾಯಿ ತೆರೆಯುವಂತಿಲ್ಲ, ವಾಚು ಬೀಳುತ್ತದಲ್ಲ! “ಇಂವಾ ಬಾಯಿ ಮುಚ್ಚಿದ್ದಕ್ಕೇ ಕೆಲಸ ಜಲ್ದಿ ಆಯ್ತು,” ಎಂದು ಆಯಿ ಸಾಯುವವರೆಗೂ ಹೇಳುತ್ತಿದ್ದಳು.

ಗಾಡಿ ಬಂತು. ಬೀಗರು ಬಂದರು, ಅಯ್ಯನವರೂ ಬಂದರು. ಅಯ್ಯನವರ ಪ್ರಸಾದವಾದ ಮೇಲೆ ಇನ್ನೂರು ಮಂದಿ ಕೈಕಾಲು ತೊಳೆದುಕೊಂಡು ಕುಳಿತರು. ಇನ್ನೂರು ಎಲೆಗೂ ಬಿಸಿ ಹೋಳಿಗೆ ಬಿತ್ತು, ಮೇಲೆ ತುಪ್ಪ ಬಿತ್ತು. ಆ ದೊಡ್ಡಪ್ಪ ಮೊದಲಿನದನ್ನು ಪರೀಕ್ಷೆ ಮಾಡುತ್ತ ತಿಂದರು, ಎರಡನೆಯದನ್ನು ಸುಮ್ಮನೆ ತಿಂದರು. ನಾಲ್ಕನೆಯದಕ್ಕೆ ಮೀಸೆ ಒರೆಸಿಕೊಂಡು, “ಮಾಸ್ತರ, ಇನ್ನೆರಡು ಹಾಕಸ್ರಿ,” ಎಂದರು. ಅಪ್ಪ ಹಂದರದ ಹಿಂದೆ ಹೋಗಿ ಒಂದು ಕಲ್ಲಿನ ಮೇಲೆ ಕುಳಿತು, ಟೋಪಿಯಿಂದ ಗಾಳಿ ಹಾಕಿಕೊಳ್ಳುತ್ತ ಒಬ್ಬರೇ ನಗುತ್ತಿದ್ದರಂತೆ. ಮಣೆಯ ಮೇಲೆ ಕುಳಿತ ನನ್ನ ಮೈ ಹತ್ತಿಯಷ್ಟು ಹಗುರಾಯಿತು. ಏನು ಸಮಾಧಾನ ಅಂತೀರಿ! ಉಳಿದ ಎರಡು ಹೋಳಿಗೆಯನ್ನು ಸೋದರತ್ತೆ ನನ್ನ ಬಾಯಿಗಿಟ್ಟಳು, ಅಷ್ಟು ರುಚಿಯಾದದ್ದನ್ನು ಆಮೇಲೆ ನಾನು ತಿಂದಿಲ್ಲ.

ಸಂಜೆ ಕಾಕಾ ಫರಸಿಯ ಮೇಲೆ ಕುಕ್ಕರಗಾಲಲ್ಲಿ ಕುಳಿತು ಹದಿನಾರು ವರ್ತುಲಗಳ ನಡುವೆ ಹದಿನೇಳನೆಯದನ್ನು ಬರೆದರು.

“ಒಂದು ಮರತಿದ್ದೆ ಯವ್ವಾ. ಎಲ್ಲಾರ ಕೈಯೂ ತುಂಬಿದ್ರ ಎಲ್ಲಾ ನಿಂದರ್ತದ. ಒಬ್ಬಾಂವ ಖಾಲಿ ಕೈಲೆ ನಡುವ ಇರಬೇಕು.”

“ಅದನ್ನೇನು ನೀ ಹೊಸದಾಗಿ ಕಲಿಯೂದು? ಹುಟ್ಟಿದಾಗಿಂದ ಅದನ್ನೇ ಮಾಡಾಕತ್ತೀದಿ,” ಅಂದಳು ಆಯಿ. ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ಮರುದಿನ ಅಕ್ಕಿಕಾಳು ಬಿದ್ದವು. ಸಂಜೆಯ ಗಾಡಿಗೆ ನನ್ನನ್ನು ಕಳಿಸಲು ಎಲ್ಲರೂ ಸ್ಟೇಷನ್ನಿಗೆ ಬಂದರು. ನನ್ನ ಉಡಿಯ ತುಂಬ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು. “ಅತ್ತಿ ಮನಿ ಹೊಸ್ತಿಲಾ ದಾಟೋತನಕ ಎರಡೂ ಕೈಲೆ ಹಿಡಕೊಂಡಿರಬೇಕು, ಒಂದು ಕಾಳೂ ಚೆಲ್ಲಬಾರದು,” ಎಂದು ಆಯಿ ಕಟ್ಟುನಿಟ್ಟು ಮಾಡಿದ್ದಳು. ಕಿಟಕಿಯ ಹತ್ತಿರ ಕುಳಿತೆ. ಗಾರ್ಡು ಸೀಟಿ ಊದಿದ. ಅಲ್ಲಿಯವರೆಗೆ ಗಟ್ಟಿಯಾಗಿದ್ದವಳಿಗೆ ಏನಾಯಿತೋ, ಕಣ್ಣಿನಿಂದ ನೀರು ಧಾರಾಕಾರವಾಗಿ ಇಳಿಯತೊಡಗಿತು. ಒರೆಸಿಕೊಳ್ಳಲು ಕೈ ಇಲ್ಲ! ಅವ್ವನ ಕೈಯಲ್ಲಿ ರೊಟ್ಟಿಯ ಗಂಟು, ದೊಡ್ಡವ್ವನ ಕೈಯಲ್ಲಿ ಬುತ್ತಿಯ ಬುಟ್ಟಿ. ಇಬ್ಬರೂ ಪಕ್ಕದ ಕಿಟಕಿಯಿಂದ ಒಳಗೆ ದೂಡುತ್ತಿದ್ದರು. ಅಪ್ಪ ಟ್ರಂಕಿನ ಒಂದು ಕಡೆ ಹಿಡಿದಿದ್ದರು, ಆ ನಗುವ ಹುಡುಗ, ಈಗ ನನ್ನ ಗಂಡ, ಇನ್ನೊಂದು ಕಡೆ ಹಿಡಿದಿದ್ದ. ಮುಖವೆಲ್ಲ ತೊಯ್ದು, ಅರಿಶಿನ ಇಳಿದು, ಹೊಸ ಸೀರೆಯ ಮೇಲೆ ತೊಟ್ಟಿಕ್ಕುತ್ತಿತ್ತು.

ಕಿಟಕಿಯ ಸರಳಿನ ನಡುವಿನಿಂದ ಎರಡು ಕೈ ಒಳಗೆ ಬಂದವು. ಒಂದು ನನ್ನ ಗದ್ದ ಹಿಡಿಯಿತು, ಇನ್ನೊಂದು ದೋತರದ ಚುಂಗಿನಿಂದ ಒಂದೊಂದೇ ಕಣ್ಣು ಒರೆಸಿತು. ಹಿಂದಿನ ದಿನ ಪರಾತ ಹಿಡಿದು ಬೆರಳೆಲ್ಲ ಬೊಬ್ಬೆ ಎದ್ದಿದ್ದವು. ಗಾಡಿ ಹೊರಟಿತು. ಕಾಕಾ ಜೊತೆಗೇ ನಡೆದರು, ಆಮೇಲೆ ಓಡಿದರು, ಕೈ ಹಿಂದಕ್ಕೆ ತೆಗೆಯಲಿಲ್ಲ.

“ಕಾಕಾ, ಬಿಡ್ರಿ, ಬೀಳ್ತೀರಿ!” ಅಂದೆ.

“ನೀ ನಿನ್ನ ಉಡಿ ಹಿಡಕೊಂಡಿರು ಮಗಳ,” ಅಂದರು. “ನನ್ನ ಕೈ ಖಾಲಿನೇ ಅವ.”